ನೆಗ್ಗಿಲು ಮುಳ್ಳಿನ ಊರಲ್ಲಿ ಟ್ಯೂಬ್‌ಲೆಸ್ ಸೈಕಲ್

ಹೊಸಪೇಟೆ ಕಡೆ ಸೈಕಲ್ ತುಳಿಯುವವರಿಗೆ ಎರಡು ಮುಳ್ಳು ಚೆನ್ನಾಗಿ ಗೊತ್ತು. ಒಂದು ಬಳ್ಳಾರಿ ಜಾಲಿ, ಉದ್ದ, ಗಟ್ಟಿ. ಇನ್ನೊಂದು ನೆಗ್ಗಿಲು. ನೆಲಕ್ಕಂಟಿ ಹಬ್ಬುವ ಗಿಡ, ಪುಟ್ಟ ಹಳದಿ ಹೂವು. ಇದರ ಕಾಯಿ ಒಣಗಿ ಚೂರಾಗಿ ಬೀಳುತ್ತದೆ. ಆ ಚೂರು ಹೇಗೇ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ತುಂಗಭದ್ರಾ ಕಾಲುವೆ ದಂಡೆಯ ಮಣ್ಣುದಾರಿ ತುಂಬಾ ಇವೇ. ಟ್ಯೂಬ್ ಹಾಕಿ ಓಡಿಸುತ್ತಿದ್ದಾಗ ಒಂದೇ ಚಕ್ರದಲ್ಲಿ ಮೂರ್ನಾಲ್ಕು ತೂತು ಒಟ್ಟಿಗೇ ಸಿಗುತ್ತಿದ್ದವು. ಹಾಗಾಗಿ ಟ್ಯೂಬ್‌ಲೆಸ್‌ಗೆ, ಅಂದರೆ ಒಳಗೆ ಟ್ಯೂಬ್ ಇಲ್ಲದೆ ಟೈರಿನಲ್ಲೇ ಗಾಳಿ ನಿಲ್ಲುವ ಚಕ್ರಕ್ಕೆ ಬಂದೆ. ಈಗ ಬೇರೆ ಯೋಚನೆಯೇ ಇಲ್ಲ.

ಟ್ಯೂಬ್‌ಲೆಸ್ ಹಾಕಿಸಿದರೆ ಮುಗೀತು, ಮತ್ತೆ ನೋಡೋದೇ ಬೇಡ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಆದರೆ ಟೈರ್ ಕಾಯುವುದು ಒಳಗಿರುವ ಸೀಲಂಟ್. ನೀರಿನಂಥ ದ್ರವದಲ್ಲಿ ಬೆರೆತ ರಬ್ಬರ್ ಹಾಲು ಅದು. ಮುಳ್ಳು ಚುಚ್ಚಿದಾಗ ಗಾಳಿಯ ಜೊತೆ ತೂತಿಗೆ ನುಗ್ಗಿ, ಅಲ್ಲೇ ಗಟ್ಟಿಯಾಗಿ ಮುಚ್ಚಿಬಿಡುತ್ತದೆ. ದ್ರವ ಆರಿದರೆ ಉಳಿಯುವುದು ರಬ್ಬರ್ ಸಿಪ್ಪೆ ಮಾತ್ರ, ಅದರಿಂದ ಯಾವ ತೂತೂ ಮುಚ್ಚುವುದಿಲ್ಲ. ಬಾಟಲಿ ಮೇಲೆ ಎರಡರಿಂದ ಆರು ತಿಂಗಳು ಬಾಳಿಕೆ ಅಂತ ಬರೆದಿದ್ದರೂ, ನಮ್ಮ ಕಡೆ 40 ಡಿಗ್ರಿ ಬಿಸಿಲಿಗೆ ಆರು ತಿಂಗಳ ಮಾತೇ ಇಲ್ಲ. ಬೇಸಿಗೆಯಲ್ಲಿ ನಾನು ತಿಂಗಳಿಗೊಮ್ಮೆ ನೋಡುತ್ತೇನೆ, ಮಳೆಗಾಲ, ಚಳಿಗಾಲದಲ್ಲಿ ಎರಡು ತಿಂಗಳಿಗೊಮ್ಮೆ.

ನೋಡುವುದು ಸುಲಭ. ಚಕ್ರವನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ, ವಾಲ್ವ್ ಕೆಳಗೆ ಬರುವಂತೆ ಇಡಬೇಕು. ಸೀಲಂಟ್ ತಳಕ್ಕೆ ಬಂದು ನಿಂತ ಮೇಲೆ ವಾಲ್ವನ್ನು ಸ್ವಲ್ಪವೇ ಪಕ್ಕಕ್ಕೆ ಸರಿಸಿ, ಗಾಳಿ ಬಿಟ್ಟು, ವಾಲ್ವ್ ಒಳಗೆ ಗಾಳಿ ತಡೆಯುವ ತಿರುಪಿನ ಭಾಗ, ಅಂದರೆ ಕೋರ್ ಬಿಚ್ಚುತ್ತೇನೆ. ಮತ್ತೆ ವಾಲ್ವ್ ಕೆಳಗೆ ತಂದು ತೆಳ್ಳನೆಯ ಕೇಬಲ್ ಟೈ ಒಳಗೆ ಇಳಿಸಿ ತೆಗೆದರೆ ತುದಿ ಎಷ್ಟು ಒದ್ದೆಯಾಗಿದೆ ಅಂತ ಗೊತ್ತಾಗುತ್ತದೆ. ಒಣಗಿ ಬಂದರೆ ಸಿರಿಂಜ್‌ನಲ್ಲಿ ಹೊಸ ಸೀಲಂಟ್. ನನ್ನ 2.2 ಇಂಚಿನ ಟೈರಿಗೆ ಮೊದಲ ಸಲ ಸುಮಾರು 100 ಮಿ.ಲೀ. ಹಾಕಿದ್ದೆ, ಆಮೇಲೆ ಪ್ರತಿ ಸಲ 40–50 ಸಾಕು. 40 ಮಿ.ಮೀ. ಟೈರಿಗಾದರೆ ಮೊದಲ ಸಲ 60ರ ಹತ್ತಿರ. ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಸುರಿಯಬೇಕು. ತೂತು ಮುಚ್ಚುವ ಸಣ್ಣ ಕಣಗಳೆಲ್ಲ ತಳದಲ್ಲಿ ಕೂತಿರುತ್ತವೆ, ಕುಲುಕದಿದ್ದರೆ ಬರೀ ಮೇಲಿನ ನೀರು ಟೈರಿಗೆ ಹೋಗುತ್ತದೆ.

ಇನ್ನು ಮುಳ್ಳು. ಟೈರಿನಲ್ಲಿ ಮುಳ್ಳು ಕಂಡ ತಕ್ಷಣ ಕೀಳಬೇಡಿ. ಗಾಳಿ ಹೋಗುತ್ತಿಲ್ಲ ಅಂದ್ರೆ ಅದೇ ಬಿರಡೆ. ಮನೆಗೆ ಬಂದು, ಆ ಜಾಗ ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಆಮೇಲೆ ಕಿತ್ತರೆ ಸೀಲಂಟ್ ಅಲ್ಲೇ ಇರುತ್ತದೆ, ಎರಡು ಹನಿ ಹೊರಬಂದು ನಿಂತುಹೋಗುತ್ತದೆ.

ಕಲ್ಲಿನ ಚೂರು ಸೀಳಿದರೆ ಮಾತ್ರ ಸೀಲಂಟ್ ಒಂದೇ ಸಾಲದು. ಒಮ್ಮೆ ಕಾಲುವೆ ದಂಡೆ ಮೇಲೆ ಹಿಂದಿನ ಟೈರ್ ಹೀಗೇ ಸೀಳಿ, ಬಿಳಿ ಹನಿ ಚಿಮ್ಮುತ್ತಿತ್ತು. ಕುರಿ ಕಾಯುತ್ತಿದ್ದ ಹುಡುಗ ಓಡಿ ಬಂದು, 'ಅಣ್ಣಾ, ನಿಮ್ ಟೈರಿನ್ಯಾಗ ಹಾಲು ಬರಾಕತ್ತೈತಿ!' ಅಂದ. ಅವನ ಕೈಗೇ ಸೈಕಲ್ ಕೊಟ್ಟು, ತೂತಿಗೆ ತುರುಕುವ ಅಂಟು ರಬ್ಬರ್ ಪಟ್ಟಿ, ಅಂದರೆ ಸ್ಟ್ರಿಪ್ ತೆಗೆದೆ. ಅದನ್ನು ದಪ್ಪ ಸೂಜಿಯ ತುದಿಯ ಸೀಳಿಗೆ ಸಿಕ್ಕಿಸಿ, ಟೈರಿನ ತೂತಿಗೆ ನೇರವಾಗಿ ಒತ್ತಿ, ಹೊರಗೆ ಒಂದು ಸೆಂಟಿಮೀಟರಿನಷ್ಟು ಬಾಲ ಉಳಿದಾಗ ನಿಲ್ಲಿಸಿ, ಸೂಜಿಯನ್ನು ಪಟ್ಟನೆ ಎಳೆದೆ. ಮೆಲ್ಲಗೆ ಎಳೆದರೆ ಸ್ಟ್ರಿಪ್ಪೂ ಜೊತೆಗೇ ಬಂದುಬಿಡುತ್ತದೆ. ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿದರೆ ಸೀಲಂಟ್ ಸ್ಟ್ರಿಪ್ ಸುತ್ತ ಕೂತು ಸದ್ದು ನಿಂತಿತು. ಗಾಳಿ ತುಂಬಿಕೊಂಡು ಮನೆಗೆ ಬಂದೆ, ಅದೇ ಸ್ಟ್ರಿಪ್ ಮೇಲೆ ತಿಂಗಳುಗಟ್ಟಲೆ ಓಡಿಸಿದೆ.

ಇಲ್ಲೊಂದು ಮಾತು. ಬೈಕ್, ಕಾರಿನ ಪಂಚರ್ ಕಿಟ್ ಸೈಕಲ್ ಟೈರಿಗೆ ತರಬೇಡಿ. ಅದರ ಸ್ಟ್ರಿಪ್ ದಪ್ಪ. ಅದಕ್ಕಾಗಿ ಅರದಂಥ ಕಡ್ಡಿ ಹಾಕಿ ತೂತು ದೊಡ್ಡದು ಮಾಡುತ್ತಾರೆ. ಸೈಕಲ್ ಟೈರಿನ ತೆಳ್ಳನೆಯ ನೂಲು ಆಗ ಕತ್ತರಿಸಿಹೋಗುತ್ತದೆ. ಸೈಕಲ್‌ಗೆಂದೇ ತೆಳ್ಳನೆಯ ಸ್ಟ್ರಿಪ್ ಸಿಗುತ್ತವೆ, ಸೀಟಿನ ಕೆಳಗಿನ ಚೀಲದಲ್ಲಿ ಅವು ಇರಲೇಬೇಕು.

ಜಾಸ್ತಿ ತಲೆ ತಿನ್ನುವುದು ರಾತ್ರಿ ಕಳೆದು ಬೆಳಿಗ್ಗೆ ಹೊತ್ತಿಗೆ ಮೆತ್ತಗಾಗುವ ಟೈರ್. ಮುಳ್ಳು ಕಾಣುವುದಿಲ್ಲ, ಸದ್ದೂ ಇಲ್ಲ. ಆಗ ಸೋಪಿನ ನೀರು ಸವರುತ್ತೇನೆ. ವಾಲ್ವ್ ಬುಡದಲ್ಲಿ ಗುಳ್ಳೆ ಬಂದರೆ ನಟ್ ಅನ್ನು ಕೈಯಲ್ಲೇ ಬಿಗಿ ಮಾಡಿದರೆ ಸಾಕು, ಪ್ಲೈಯರ್ ಬೇಡ. ಟೈರ್ ಮತ್ತು ರಿಮ್ ಕೂಡುವಲ್ಲಿ ಬಂದರೆ ಚಕ್ರ ಮಲಗಿಸಿ ಅಲ್ಲಾಡಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಚಕ್ರದ ಕಡ್ಡಿಯ (ಸ್ಪೋಕ್) ಬುಡದಲ್ಲಿ ಗುಳ್ಳೆ ಬಂತೋ, ರಿಮ್ಮಿನ ಒಳಗೆ ಕಡ್ಡಿ ತೂತುಗಳನ್ನು ಮುಚ್ಚುವ ರಿಮ್ ಟೇಪ್ ಹೋಗಿದೆ ಅಂತಲೇ ಲೆಕ್ಕ. ಗುಳ್ಳೆ ಬಂದ ಕಡ್ಡಿಯ ಮೇಲೆಯೇ ಟೇಪ್ ಹರಿದಿರಬೇಕು ಅಂತಿಲ್ಲ. ಟೇಪ್ ಎಲ್ಲೋ ಬಿಟ್ಟಿರುತ್ತದೆ, ಗಾಳಿ ರಿಮ್ಮಿನ ಟೊಳ್ಳಿನಲ್ಲಿ ಸುತ್ತಿ ಸಿಕ್ಕ ದಾರಿಯಲ್ಲಿ ಹೊರಬರುತ್ತದೆ. ಅದಕ್ಕೇ ನಾನು ತೇಪೆ ಹಾಕುವುದಿಲ್ಲ, ಪೂರ್ತಿ ಟೇಪ್ ಕಿತ್ತು ಹೊಸದು ಸುತ್ತುತ್ತೇನೆ. ಹಳೇ ಅಂಟನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಬೇಕು. ಟೇಪ್ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮಿ.ಮೀ. ಜಾಸ್ತಿ ಇರಲಿ. ಬಿಗಿಯಾಗಿ ಎಳೆದು ಎರಡು ಸುತ್ತು ಸುತ್ತಿ, ಹೆಬ್ಬೆರಳಲ್ಲಿ ಒತ್ತಬೇಕು. ವಾಲ್ವ್ ತೂತನ್ನು ಬ್ಲೇಡಿನಲ್ಲಿ ಕೊಯ್ದರೆ ಮೂಲೆ ಹರಿಯುತ್ತದೆ, ಕಾಯಿಸಿದ ಮೊಳೆಯಿಂದ ಚುಚ್ಚಿದರೆ ಅಂಚು ಕರಗಿ ದುಂಡಗಾಗುತ್ತದೆ. ಒಂದು ರಾತ್ರಿ ಟ್ಯೂಬ್ ಹಾಕಿ ಗಾಳಿ ತುಂಬಿಟ್ಟರೆ ಟೇಪ್ ಚೆನ್ನಾಗಿ ಕೂರುತ್ತದೆ.

ಆಮೇಲೆ ಟೈರ್ ಕೂರಿಸುವುದು. ಅಂಚಿಗೆ ಸೋಪಿನ ನೀರು ಹಚ್ಚಿ, ಕೋರ್ ಬಿಚ್ಚಿ, ದೊಡ್ಡ ಪಂಪಿನಲ್ಲಿ ಬಿಡದೆ ಹೊಡೆದರೆ 'ಟಪ್' ಅಂತ ಕೂರುತ್ತದೆ. ಕೂರಲಿಲ್ಲ ಅಂದ್ರೆ ಪಂಚರ್ ಅಂಗಡಿ ಕಂಪ್ರೆಸರ್, ಜೊತೆಗೆ ಪ್ರೆಸ್ಟಾ ಅನ್ನುವ ತೆಳ್ಳನೆಯ ಸೈಕಲ್ ವಾಲ್ವಿಗೆ ಹಾಕುವ ಹಿತ್ತಾಳೆ ಅಡಾಪ್ಟರ್. ಟೈರ್, ರಿಮ್ ಮೇಲೆ ಬರೆದ ಮಿತಿ ದಾಟಿಸಬೇಡಿ. ಹುಕ್‌ಲೆಸ್ ರಿಮ್, ಅಂದರೆ ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ ರಿಮ್ ಆದರೆ 5 ಬಾರ್, ಅಂದರೆ 72 ಪಿಎಸ್‌ಐಗಿಂತ ಮೇಲೆ ಹೋಗಲೇಬಾರದು, ಟೈರ್ ಹಾರಿ ಕೈ ಮುಖಕ್ಕೆ ಪೆಟ್ಟಾಗಬಹುದು.

ದೂರ ಹೋಗುವಾಗ ಒಂದು ಟ್ಯೂಬ್ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ. ಅದನ್ನು ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಬೇಕು. ಸೀಲಂಟ್ ಸುಮ್ನೆ ಮುಚ್ಚಿಟ್ಟ ಹಳೇ ನೆಗ್ಗಿಲು ಮುಳ್ಳುಗಳು ಒಳಗೆ ಸಾಲಾಗಿ ಕೂತಿರುತ್ತವೆ. ಒಂದೊಂದನ್ನೂ ಕಿತ್ತ ಮೇಲೆಯೇ ಟ್ಯೂಬ್. ಇಲ್ಲಾಂದ್ರೆ ಅದು ನೂರು ಮೀಟರ್ ಕೂಡ ಬರಲ್ಲ. ಸೀಳು ಟೈರಿನ ನಡುಭಾಗದಲ್ಲಿದ್ದರೆ ಮನೆಯಲ್ಲಿ ಒಳಗಡೆ ಸೀಲಂಟ್ ಸಿಪ್ಪೆ ಕೆರೆದು, ಸ್ಯಾಂಡ್ ಪೇಪರ್ ಉಜ್ಜಿ, ಸೊಲ್ಯೂಷನ್ ಒಣಗಲು ಬಿಟ್ಟು ಪ್ಯಾಚ್ ಹಾಕುತ್ತೇನೆ. ಪಕ್ಕೆ ಸೀಳಿದ ಟೈರಿಗೆ ಮಾತ್ರ ಪ್ಯಾಚ್ ಹಾಕಿ ಸಂಡೂರು ಘಾಟಿ ಇಳಿಯುವ ಧೈರ್ಯ ನನಗಿಲ್ಲ, ಹೊಸ ಟೈರನ್ನೇ ತರುತ್ತೇನೆ.