ಬ್ಯಾಂಕಾಕ್‌ನಲ್ಲಿ ಸಂಸಾರ ಹೂಡುವುದು ಹೇಗೆ?

ಕೆಲಸದ ಮೇಲೆ ಬ್ಯಾಂಕಾಕ್‌ಗೆ ಹೊರಡುವವರು ಸಂಬಳ, ಮಕ್ಕಳ ಶಾಲೆ, ಊಟತಿಂಡಿಗಳ ಬಗ್ಗೆ ಹತ್ತು ಕಡೆ ವಿಚಾರಿಸಿ, ಮನೆಯನ್ನು ಮಾತ್ರ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಆದರೆ ಥಾಯ್ಲೆಂಡ್‌ನಲ್ಲಿ ವಿದೇಶಿಯರ ಕಾಗದಪತ್ರಗಳಲ್ಲಿ ಹೆಚ್ಚಿನವು ವಾಸದ ವಿಳಾಸಕ್ಕೆ ತಗುಲಿಕೊಂಡಿರುವುದರಿಂದ, ಎಂಥ ಮನೆ ಎಂಬುದಕ್ಕಿಂತ ಯಾರ ಮನೆ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಮೊದಲು ವೀಸಾ. ಉದ್ಯೋಗಕ್ಕೆ ಹೋಗುವವರು ‘ನಾನ್ ಇಮಿಗ್ರಂಟ್ ಬಿ’ ವೀಸಾವನ್ನು ಭಾರತದಲ್ಲಿರುವಾಗಲೇ ಪಡೆದು ಹೊರಡುವುದು ಸರಿಯಾದ ಕ್ರಮ. ಅದರ ಜೊತೆಗೆ ಕೆಲಸದ ಪರವಾನಗಿಯೂ ಬೇಕು. ಪ್ರವಾಸಿಯಾಗಿ ಇಳಿದು ಆಮೇಲೆ ಸರಿಪಡಿಸಿಕೊಳ್ಳೋಣ ಎಂಬ ಸಲಹೆಗೆ ಕಿವಿಗೊಡಬಾರದು.

ಇಳಿದ ಕೂಡಲೇ ಒಂದು ವರ್ಷದ ಕರಾರಿಗೆ ಸಹಿ ಹಾಕದೆ, ಕೆಲವು ವಾರ ಸರ್ವಿಸ್ ಅಪಾರ್ಟ್‌ಮೆಂಟ್‌ನಲ್ಲಿದ್ದು ಊರನ್ನು ನೋಡಬೇಕು. ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ವ್ಯರ್ಥ. ಬಿಟಿಎಸ್ (ಮೇಲ್ಸೇತುವೆಯ ರೈಲು) ಅಥವಾ ಎಂಆರ್‌ಟಿ (ಮೆಟ್ರೊ) ನಿಲ್ದಾಣದಿಂದ ಮನೆಗೆ ಎಷ್ಟು ಹೊತ್ತು ನಡೆಯಬೇಕು ಎಂಬುದೇ ಲೆಕ್ಕ. ಸುಖುಂವಿತ್‌ನಂಥ ಹೆದ್ದಾರಿಯಿಂದ ಕವಲೊಡೆಯುವ ಗಲ್ಲಿಗಳನ್ನು ‘ಸೋಯಿ’ ಎನ್ನುತ್ತಾರೆ. ಬೆಸಸಂಖ್ಯೆಯ ಸೋಯಿಗಳು ರಸ್ತೆಯ ಒಂದು ಬದಿಗೆ, ಸಮಸಂಖ್ಯೆಯವು ಇನ್ನೊಂದು ಬದಿಗೆ ಇದ್ದು, ಎರಡರ ಎಣಿಕೆಯೂ ಬೇರೆ ಬೇರೆಯಾಗಿ ಸಾಗುವುದರಿಂದ, 39ರ ಎದುರಿಗೆ 40 ಇರಲೇಬೇಕೆಂದಿಲ್ಲ. ಸೋಯಿ ಉದ್ದವಾಗಿದ್ದರೆ ಅದರ ತುದಿಯಲ್ಲಿ, ಹೆದ್ದಾರಿ ಸೇರುವಲ್ಲಿ, ಕಿತ್ತಳೆ ಅಂಗಿಯ ಬೈಕ್ ಟ್ಯಾಕ್ಸಿಯವರು ಕಾದಿರುತ್ತಾರೆ, ನಿಜ. ಆದರೂ ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಆ ಗಲ್ಲಿಯಲ್ಲಿ ನೀರು ನಿಲ್ಲುತ್ತದೆಯೇ ಎಂದು ಅಲ್ಲಿನ ಅಂಗಡಿಯವರನ್ನು ಕೇಳಿಯೇ ಮುಂದುವರಿಯುವುದು ಲೇಸು.

ಇನ್ನು ಕರಾರು. ಎರಡು ತಿಂಗಳ ಬಾಡಿಗೆ ಠೇವಣಿ, ಒಂದು ತಿಂಗಳದ್ದು ಮುಂಗಡ ಎಂಬುದು ರೂಢಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹಗುರವೆನಿಸೀತು. ಕರಾರಿನಲ್ಲಿ ಇಸವಿ 2569 ಎಂದಿದ್ದರೆ ಗಾಬರಿ ಬೇಡ: ಅದು ಬೌದ್ಧ ಶಕೆ, 543 ಕಳೆದರೆ 2026. ವಿದ್ಯುತ್ತಿನ ದರವನ್ನು ಮಾತ್ರ ಗಮನವಿಟ್ಟು ಓದಬೇಕು. ಒಂದೊಂದು ಫ್ಲ್ಯಾಟಿಗೂ ಬೇರೆ ಬೇರೆ ಮಾಲೀಕರಿರುವ ಕಟ್ಟಡಗಳಲ್ಲಿ, ಅಂದರೆ ಕಾಂಡೊಗಳಲ್ಲಿ, ಸಾಮಾನ್ಯವಾಗಿ ಮೆಟ್ರೊಪಾಲಿಟನ್ ವಿದ್ಯುತ್ ಪ್ರಾಧಿಕಾರದ ಬಿಲ್ಲೇ ನೇರವಾಗಿ ಬರುತ್ತದೆ. ಕಟ್ಟಡವೆಲ್ಲ ಒಬ್ಬರದೇ ಆಗಿರುವ ಕಡೆ ಯೂನಿಟ್ಟಿಗೆ ಮಾಲೀಕರು ಹೆಚ್ಚಿಗೆ ಹಾಕುವುದುಂಟು, ಮತ್ತು ಏಪ್ರಿಲ್‌ನ ಸೆಕೆಯಲ್ಲಿ ಎಸಿ ನಿಲ್ಲಿಸಿ ಮಲಗುವುದು ಆಗದ ಮಾತು.

ಸಹಿಗೆ ಮುನ್ನ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ‘ಟಿಎಂ 30 ಸಲ್ಲಿಸುತ್ತೀರಾ?’ ವಿದೇಶಿಯೊಬ್ಬ ತಂಗಿದ 24 ಗಂಟೆಯೊಳಗೆ ಮನೆಯ ಮಾಲೀಕರು ವಲಸೆ ಇಲಾಖೆಗೆ ತಿಳಿಸಬೇಕೆಂದು 1979ರ ವಲಸೆ ಕಾಯ್ದೆ ಹೇಳುತ್ತದೆ. ಆ ವರದಿಯ ನಮೂನೆಯೇ ಇದು. ಹೊಣೆ ಮಾಲೀಕರದು, ಆದರೆ ಆ ವರದಿ ಇಲ್ಲದೆ ವೀಸಾ ವಿಸ್ತರಣೆಯ ಕೌಂಟರಿನಲ್ಲಿ ಸಿಕ್ಕಿಬೀಳುವವರು ಬಾಡಿಗೆದಾರರು. ಬಾಡಿಗೆಯ ಆದಾಯ ಬಯಲಾಗುತ್ತದೆಂದು ಹಿಂಜರಿಯುವ ಮಾಲೀಕರೂ ಇದ್ದಾರೆ. ಅಂಥವರ ಮನೆ ನದಿಯ ದಂಡೆಯಲ್ಲೇ ಇರಲಿ, ಕೈಬಿಡುವುದು ವಿವೇಕ. ಸಲ್ಲಿಸಿದ ರಸೀದಿಯ ಪ್ರತಿಯನ್ನು ಕೇಳಿ ಪಡೆದು ಪಾಸ್‌ಪೋರ್ಟ್ ಜೊತೆಗಿಡಬೇಕು.

ಇದರ ಬೆನ್ನಿಗೇ 90 ದಿನಗಳ ವರದಿಯಿದೆ. ದೇಶದೊಳಗೆ ಸತತವಾಗಿ 90 ದಿನ ಇದ್ದವರು ತಮ್ಮ ವಿಳಾಸವನ್ನು ತಾವೇ ಟಿಎಂ 47ರಲ್ಲಿ ತಿಳಿಸಬೇಕು; ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶವುಂಟು. ನಡುವೆ ದೇಶ ಬಿಟ್ಟು ಮರಳಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ.

ಅಡುಗೆಮನೆಯನ್ನು ಊರಿನಲ್ಲಿಯೇ ಯೋಚಿಸಿಕೊಳ್ಳುವುದು ಒಳ್ಳೆಯದು. ಅನೇಕ ಕಾಂಡೊಗಳು ಗ್ಯಾಸ್ ಸಿಲಿಂಡರನ್ನು ಬಿಡುವುದಿಲ್ಲವಾದ್ದರಿಂದ, ಒಯ್ಯುವ ಕುಕ್ಕರು ಇಂಡಕ್ಷನ್ ತಳದ್ದಾಗಿರಲಿ. ನಮ್ಮ ಮಿಕ್ಸಿಯ ದುಂಡು ಮೂರು ಪಿನ್ನು ಅಲ್ಲಿನ ಸಾಕೆಟ್ಟಿಗೆ ಹೋಗದು, ಅಡಾಪ್ಟರ್ ಬೇಕು. ಬೇಳೆ, ಇಂಗುಗಳಿಗೆ ಸಾಮ್ ಯೋತ್ ಮೆಟ್ರೊ ನಿಲ್ದಾಣದ ಹತ್ತಿರ ಭಾರತೀಯ ಅಂಗಡಿಗಳ ಪೇಟೆಯಾದ ಫಾಹುರತ್ ಇದೆ. ಹೊರಗೆ ತಿನ್ನುವ ಸಸ್ಯಾಹಾರಿಗಳು ಮೀನಿನ ಸಾರವಾದ ‘ನಾಮ್ ಪ್ಲಾ’ ಬಗ್ಗೆ ಎಚ್ಚರವಾಗಿರಬೇಕು: ತರಕಾರಿ ಪಲ್ಯಕ್ಕೂ ಅದನ್ನು ಸುರಿಯುತ್ತಾರೆ. ‘ಜೇ’ ಎಂಬ ಕೆಂಪು ಬರಹದ ಹಳದಿ ಬಾವುಟವಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ.

ನಡವಳಿಕೆಯ ವಿಷಯದಲ್ಲಿ ಒಂದೇ ಸಂಗತಿ ಗಂಭೀರವಾದದ್ದು. ರಾಜಮನೆತನದ ಅವಹೇಳನಕ್ಕೆ ದಂಡಸಂಹಿತೆಯ 112ನೇ ಕಲಮಿನಡಿ 3ರಿಂದ 15 ವರ್ಷ ಸೆರೆವಾಸವಿದ್ದು, ವಿದೇಶಿಯರಿಗೆ ವಿನಾಯಿತಿಯಿಲ್ಲ. ಸಾಮಾಜಿಕ ಜಾಲತಾಣದ ತಮಾಷೆಯೂ ಇದರೊಳಗೆ ಬರಬಹುದು.

ಊರಿನ ಮದುವೆಗೋ ಹಬ್ಬಕ್ಕೋ ಹೊರಡುವಾಗ, ವೀಸಾ ವಿಸ್ತರಣೆ ಪಡೆದವರು ಮರುಪ್ರವೇಶದ ಪರವಾನಗಿ ಮಾಡಿಸಿಕೊಂಡೇ ವಿಮಾನ ಹತ್ತಬೇಕು. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್ ಶುಲ್ಕವಿದೆ. ಅದಿಲ್ಲದೆ ಗಡಿ ದಾಟಿದರೆ ವಿಸ್ತರಣೆ ಅಲ್ಲಿಗೇ ರದ್ದಾಗುತ್ತದೆ.