ಹಳೆಯ ಸ್ಮಾರ್ಟ್‌ಫೋನ್ ಬಿಚ್ಚಿ ನೋಡುವುದು ಹೇಗೆ?

ಕೆಟ್ಟು ಡ್ರಾಯರ್ ಸೇರಿದ ಫೋನ್ ಇದ್ದರೆ ಎಸೆಯಬೇಡಿ, ಬಿಚ್ಚಿ ನೋಡಿ. ದಿನವಿಡೀ ಕೈಯಲ್ಲಿ ಹಿಡಿಯುವ ವಸ್ತುವಿನ ಒಳಗೇನಿದೆ ಅಂತ ಒಮ್ಮೆಯಾದರೂ ನೋಡಬೇಕು ಅಲ್ವಾ? ಆದರೆ ಬಳಸುತ್ತಿರುವ ಫೋನಿನ ಮೇಲೆ ಈ ಪ್ರಯೋಗ ಬೇಡ. ಬ್ಯಾಟರಿ ಉಬ್ಬಿರುವ ಫೋನನ್ನಂತೂ ಮುಟ್ಟಲೇಬೇಡಿ.

ಸಣ್ಣ ಸ್ಕ್ರೂಡ್ರೈವರ್ ಸೆಟ್, ಚಿಮುಟ, ಗಿಟಾರ್ ಪಿಕ್, ಪ್ಲಾಸ್ಟಿಕ್ ಕಡ್ಡಿ, ಹೇರ್ ಡ್ರೈಯರ್ ಇದ್ದರೆ ಸಾಕು. ಐಫೋನ್ ಆದರೆ ಕೆಳಗಿನ ಅಂಚಿನಲ್ಲಿರುವ ಐದು ಎಸಳಿನ ಸ್ಕ್ರೂಗೆ ಬೇರೆಯದೇ ಬಿಟ್ (ಸ್ಕ್ರೂಡ್ರೈವರ್ ತುದಿ) ಬೇಕು.

ಫೋನ್ ಇನ್ನೂ ಆನ್ ಆಗುತ್ತಿದ್ದರೆ ಚಾರ್ಜ್ 25%ಕ್ಕಿಂತ ಕೆಳಗಿಳಿಯಲಿ. ತುಂಬಿದ ಲಿಥಿಯಂ ಬ್ಯಾಟರಿಗೆ ಏಟು ಬಿದ್ದರೆ ಬೆಂಕಿ ಹತ್ತುವ ಅಪಾಯ ಜಾಸ್ತಿ. ಸ್ವಿಚ್ ಆಫ್ ಮಾಡಿ, ಸಿಮ್ ಟ್ರೇ ತೆಗೆದಿಡಿ. ಅದು ಒಳಗೇ ಉಳಿದರೆ ಎಷ್ಟೋ ಫೋನ್‌ಗಳಲ್ಲಿ ಬೋರ್ಡ್, ಅಂದರೆ ಚಿಪ್‌ಗಳು ಕೂತಿರುವ ಹಲಗೆ, ಹೊರಗೆ ಬರುವುದಿಲ್ಲ.

ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳು ಹಿಂಬದಿಯಿಂದ ತೆರೆದುಕೊಳ್ಳುತ್ತವೆ. ಅಂಚಿನ ಅಂಟು ಮೆದುವಾಗುವವರೆಗೆ ಬಿಸಿಗಾಳಿ ಹಿಡಿಯಿರಿ. ಪಿಕ್ ಅನ್ನು ಸ್ವಲ್ಪವೇ ತೂರಿಸಿ ಸುತ್ತಲೂ ಜಾರಿಸಿ. ಆಳಕ್ಕೆ ಹೋದರೆ ಒಳಗಿನ ರಿಬ್ಬನ್ ಕೇಬಲ್ (ಪಟ್ಟಿಯಂಥ ತೆಳು ತಂತಿ) ತುಂಡಾಗಬಹುದು. ಗಟ್ಟಿಯಾಗಿದೆ ಅನಿಸಿದರೆ ಎಳೆಯಬೇಡಿ, ಮತ್ತೆ ಬಿಸಿ ಮಾಡಿ.

ಸ್ಕ್ರೂ ಬಿಚ್ಚುವಾಗ ಒಂದು ಹಾಳೆಯ ಮೇಲೆ ಫೋನಿನ ಚಿತ್ರ ಬರೆದುಕೊಂಡು, ಆಯಾ ಜಾಗದಲ್ಲೇ ಸ್ಕ್ರೂ ಇಡಿ. ಇದು ಸುಮ್ನೆ ಹೇಳುವ ಮಾತಲ್ಲ. ಉದ್ದದ ಸ್ಕ್ರೂ ಗಿಡ್ಡ ಸ್ಕ್ರೂವಿನ ತೂತಿಗೆ ಹೋದರೆ ಬೋರ್ಡ್ ಒಳಗಿನ ತಾಮ್ರದ ಗೆರೆಗಳನ್ನೇ ಸೀಳಿಬಿಡಬಹುದು.

ಮುಚ್ಚಳ ಬಂದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಅಂಚಿಗೆ ಪ್ಲಾಸ್ಟಿಕ್ ಕಡ್ಡಿ ಕೊಟ್ಟು ನೇರ ಮೇಲಕ್ಕೆ ಎತ್ತಿದರೆ ಟಪ್ ಅಂತ ಬರುತ್ತದೆ. ಆಮೇಲೆಯೇ ಉಳಿದ ಕೇಬಲ್‌ಗಳು. ಬ್ಯಾಟರಿ ಇದ್ದಲ್ಲೇ ಇರಲಿ. ಲೋಹದ ತುದಿಯಿಂದ ಅದನ್ನು ಮೀಟುವ ಆಸೆ ಬೇಡ.

ಇನ್ನು ನೋಡುವ ಸಂತೋಷ. ಫೋನಿನ ಜಾಗದಲ್ಲಿ ದೊಡ್ಡ ಪಾಲು ಬ್ಯಾಟರಿಗೇ ಹೋಗಿದೆ, ಯೋಚನೆ ಮಾಡುವ ಬೋರ್ಡ್ ಒಂದು ಮೂಲೆಯಲ್ಲಿ ಮುದುಡಿ ಕೂತಿದೆ. ಅದರ ಮೇಲಿನ ತಗಡಿನ ಮುಚ್ಚಳಗಳು ರೇಡಿಯೋ ತರಂಗಗಳ ಕಾಟ ತಡೆಯಲು. ಅವುಗಳ ಕೆಳಗೆ ಪ್ರೊಸೆಸರ್ ಹುಡುಕಿದರೆ ಎಷ್ಟೋ ಫೋನ್‌ಗಳಲ್ಲಿ ಕಾಣುವುದು ರ‍್ಯಾಮ್ ಚಿಪ್. ಜಾಗ ಉಳಿಸಲು ಅದನ್ನು ಪ್ರೊಸೆಸರ್ ತಲೆಯ ಮೇಲೆಯೇ ಕೂರಿಸಿರುತ್ತಾರೆ. ಕ್ಯಾಮೆರಾದ ಹತ್ತಿರ ಒಂದು ಸಣ್ಣ ಸ್ಕ್ರೂ ಹಿಡಿದು ನೋಡಿ, ಸೆಳೆದುಕೊಳ್ಳಬಹುದು. ಫೋಕಸ್ ಮಾಡಲು ಲೆನ್ಸನ್ನು ಸರಿಸುವ ಆಯಸ್ಕಾಂತ ಅದರೊಳಗಿದೆ.

ನನಗೆ ಎಲ್ಲಕ್ಕಿಂತ ಇಷ್ಟ ವೈಬ್ರೇಷನ್ ಮೋಟಾರ್. ಹಳೆಯ ಫೋನ್‌ಗಳಲ್ಲಿ ಅದರ ಕಡ್ಡಿಗೆ ಒಂದೇ ಬದಿಗೆ ಭಾರ ಕಟ್ಟಿರುತ್ತಾರೆ. ತಿರುಗುವಾಗ ತೂಕ ತಪ್ಪಿ ಇಡೀ ಫೋನ್ ನಡುಗುತ್ತದೆ. ಬೆರಳಲ್ಲಿ ತಿರುಗಿಸಿದರೆ ಆ ಓಲಾಟ ಕೈಗೇ ಗೊತ್ತಾಗುತ್ತದೆ.

ಮತ್ತೆ ಜೋಡಿಸುವಾಗ ಇದೇ ಕ್ರಮ ತಿರುವು ಮುರುವು, ಬ್ಯಾಟರಿ ಕನೆಕ್ಟರ್ ಕಟ್ಟಕಡೆಗೆ. ಜೋಡಿಸುವ ಮನಸ್ಸಿಲ್ಲದಿದ್ದರೆ ಎಲ್ಲವನ್ನೂ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಬ್ಯಾಟರಿಯನ್ನಂತೂ ಕಸದ ಬುಟ್ಟಿಗೆ ಹಾಕಲೇಬೇಡಿ.