ಮೀಟರ್ ನೋಡದ ಚಕ್ರ: ಒಂದು ಬಿಎಂಡಬ್ಲ್ಯು 320ಡಿ ಸರ್ವಿಸ್‌ನ ಅನುಭವ

ಬೆಂಗಳೂರಿನಲ್ಲಿರುವ ನನ್ನ ಸಣ್ಣ ಗ್ಯಾರೇಜಿಗೆ ಕಳೆದ ಬೇಸಿಗೆಯಲ್ಲಿ 2014ರ ಮಾದರಿಯ ಬಿಎಂಡಬ್ಲ್ಯು 320ಡಿ ಕಾರೊಂದು ವಾರ್ಷಿಕ ಸರ್ವಿಸ್‌ಗೆ ಬಂದಿತ್ತು. ವೃತ್ತಿಯಿಂದ ವೈದ್ಯರಾದ ಅದರ ಮಾಲೀಕರು ಪರದೆಯನ್ನು ತೋರಿಸಿ, "ಆಯಿಲ್ ಮತ್ತು ಬ್ರೇಕ್ ಫ್ಲೂಯಿಡ್ ಮಾತ್ರ ಕೇಳುತ್ತಿದೆ, ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್‌ಗಳಿಗೆ ಇನ್ನೂ 18,000 ಕಿ.ಮೀ. ಇದೆಯಂತೆ, ಅಷ್ಟೇ ಮಾಡಿಬಿಡಿ" ಎಂದರು. "ನಾಲ್ಕೂ ಚಕ್ರ ಬಿಚ್ಚಿ ನೋಡಿ ಹೇಳುತ್ತೇನೆ ಡಾಕ್ಟ್ರೇ" ಎಂದೆ.

ಈ ಕಾರುಗಳಲ್ಲಿ ಯಾವ ಕೆಲಸ ಯಾವಾಗ ಆಗಬೇಕು ಎಂಬುದನ್ನು ಕಾರಿನ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಓಡಿದ ದೂರ, ಸುಟ್ಟ ಇಂಧನ ಮುಂತಾದವನ್ನು ನೋಡಿ ಆಯಿಲ್‌ನ ಆಯಸ್ಸನ್ನು ಅಂದಾಜಿಸುತ್ತದೆ. ಬ್ರೇಕ್ ಫ್ಲೂಯಿಡ್ ಮಾತ್ರ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದುದರಿಂದ, ಕಾರು ಓಡಲಿ ಬಿಡಲಿ, 2 ವರ್ಷಕ್ಕೊಮ್ಮೆ ಬದಲಾಗಬೇಕು. ಲೆಕ್ಕಾಚಾರವೇನೋ ಚೆನ್ನಾಗಿದೆ. ಆದರೆ ಅದನ್ನು ಒಂದು ನಿಮಿಷದಲ್ಲಿ ರೀಸೆಟ್ ಮಾಡಬಹುದು, ಮತ್ತು ರೀಸೆಟ್ ಮಾಡಿದ್ದನ್ನೇ ಸರ್ವಿಸ್ ಎಂದು ಬಿಲ್ ಬರೆಯುವವರೂ ಇದ್ದಾರೆ.

ನಾನು ಮೊದಲು ಸ್ಕ್ಯಾನರ್ ಜೋಡಿಸಿ ದೋಷಗಳ ಕೋಡ್‌ಗಳನ್ನು ಓದಿ ಬರೆದಿಟ್ಟುಕೊಂಡೆ. ಬಳಿಕ ರಾತ್ರಿಯಿಡೀ ತಣ್ಣಗೆ ನಿಂತಿದ್ದ ಎಂಜಿನ್ನನ್ನು ಚಾಲೂ ಮಾಡಿ, ಅದರ ಹಿಂಭಾಗದಿಂದ ಕರಕರ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟೆ. ಈ ಕಾರಿನ ಎನ್47 ಡೀಸೆಲ್ ಎಂಜಿನ್‌ನಲ್ಲಿ, ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಗೇರ್‌ಬಾಕ್ಸ್‌ನ ಕಡೆಗೆ, ಸುಲಭವಾಗಿ ಕೈಗೆಟುಕದ ಜಾಗದಲ್ಲಿರುವುದರಿಂದ, ಅದು ಸವೆದರೆ ಆಗುವ ರಿಪೇರಿಯ ಮುಂದೆ ಹತ್ತು ಸರ್ವಿಸ್‌ಗಳ ಖರ್ಚೂ ಕಡಿಮೆಯೇ. ಪುಣ್ಯಕ್ಕೆ ಸದ್ದಿರಲಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಲಿಫ್ಟ್‌ಗೆ ಏರಿಸಿ ಹಳೆಯ ಆಯಿಲ್ ಇಳಿಸಿದೆ. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ, ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗುಗಳಿಗೆ ಹೊಸ ಆಯಿಲ್ ಸವರಿ ಕೂರಿಸಿ, ಮುಚ್ಚಳವನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ 25 ನ್ಯೂಟನ್ ಮೀಟರ್‌ಗೆ ಬಿಗಿಮಾಡಿದೆ. ಅದು ಪ್ಲಾಸ್ಟಿಕ್, ತೋಳ್ಬಲ ತೋರಿಸುವ ಜಾಗವಲ್ಲ. ಬಿಎಂಡಬ್ಲ್ಯುವಿನ ಲಾಂಗ್‌ಲೈಫ್-04 ದರ್ಜೆಯ ಆಯಿಲ್ 5.2 ಲೀಟರ್ ಹಿಡಿಯಿತು. ಈ ದರ್ಜೆಯ ಆಯಿಲ್ ಉರಿದಾಗ ಬೂದಿ ಕಡಿಮೆ ಉಳಿಯುವುದರಿಂದ ಸೈಲೆನ್ಸರ್ ಸಾಲಿನಲ್ಲಿರುವ ಹೊಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದಿಲ್ಲ. ಅಳತೆ ಕಡ್ಡಿಯೇ ಇಲ್ಲದ ಕಾರು ಇದು. ಸಮತಟ್ಟಾದ ನೆಲದಲ್ಲಿ ಬಿಸಿ ಎಂಜಿನ್ ಓಡುತ್ತಿರುವಾಗ ಆಯಿಲ್‌ನ ಮಟ್ಟವನ್ನು ಪರದೆಯಲ್ಲೇ ನೋಡಬೇಕು. ಕಂಪ್ಯೂಟರ್ ಇನ್ನೂ ಸಮಯವಿದೆ ಎಂದರೂ, ನಮ್ಮ ಸಿಗ್ನಲ್‌ಗಳಲ್ಲಿ ನಿಂತು ನಿಂತು ಓಡುವ ಕಾರುಗಳಿಗೆ ನಾನು 10,000 ಕಿ.ಮೀ.ಗೇ ಆಯಿಲ್ ಬದಲಿಸುತ್ತೇನೆ.

ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಹೊರತೆಗೆದಾಗ ಅದರ ಮಡಿಕೆಗಳ ತುಂಬ ಒಣಗಿದ ಹೊಂಗೆ ಹೂವುಗಳಿದ್ದವು. ಹಿಂದಿನ ವರ್ಷದ ಬೇರೆ ಗ್ಯಾರೇಜಿನ ಬಿಲ್‌ನಲ್ಲಿ ಈ ಫಿಲ್ಟರ್‌ಗೂ ಹಣ ಬರೆದಿತ್ತು. ಆದರೆ ನನ್ನ ಕೈಯಲ್ಲಿದ್ದದ್ದು ಒಂದು ವರ್ಷದ್ದು ಎನ್ನುವ ಹಾಗಿರಲಿಲ್ಲ.

ನಿಜವಾದ ಸಂಗತಿ ಸಿಕ್ಕಿದ್ದು ಚಕ್ರ ಬಿಚ್ಚಿದಾಗ. ಈ ಕಾರಿನಲ್ಲಿ ಪ್ಯಾಡ್ ಸವೆತ ತಿಳಿಸುವ ಸೆನ್ಸರ್ ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರಗಳಲ್ಲಿ ಮಾತ್ರ ಇರುತ್ತದೆ. ಮುಂದಿನ ಎಡಗಡೆಯ ಪ್ಯಾಡ್‌ಗಳಲ್ಲಿ 7 ಮಿ.ಮೀ. ಉಳಿದಿತ್ತು, ಹಾಗಾಗಿ ಪರದೆ ಹೇಳಿದ್ದೂ ಸುಳ್ಳಲ್ಲ. ಆದರೆ ಬಲಗಡೆಯ ಒಳಪ್ಯಾಡ್ 2 ಮಿ.ಮೀ.ಗೆ ಇಳಿದಿತ್ತು, ಅದೂ ಓರೆಯಾಗಿ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಾಡುವುದು ಗೈಡ್ ಪಿನ್‌ಗಳ ಮೇಲೆ; ಅವನ್ನು 7 ಮಿ.ಮೀ. ಅಲೆನ್ ಕೀಯಿಂದ ಬಿಚ್ಚಿದರೆ, ಯಾರೋ ಧಾರಾಳವಾಗಿ ಗ್ರೀಸ್ ಮೆತ್ತಿದ್ದರು. ನಮ್ಮ ಬಹಳಷ್ಟು ಕಾರುಗಳಲ್ಲಿ ಈ ಪಿನ್‌ಗೆ ಗ್ರೀಸ್ ಹಾಕುವುದು ಸರಿಯಾದ ಕ್ರಮವೇ. ಇಲ್ಲಿ ಮಾತ್ರ ಪಿನ್‌ಗಳು ಶುಭ್ರವಾಗಿ, ಒಣಗಿರಬೇಕು. ಗ್ರೀಸಿಗೆ ಪಿನ್ನಿನ ಸುತ್ತಲಿನ ರಬ್ಬರ್ ಬುಶ್ ಉಬ್ಬಿ ಪಿನ್ನನ್ನು ಹಿಡಿದುಕೊಂಡಿತ್ತು, ಕ್ಯಾಲಿಪರ್ ಜಾರದೆ ಒಳಪ್ಯಾಡ್ ಒಂದೇ ಎಲ್ಲ ಭಾರ ಹೊತ್ತಿತ್ತು.

ಡಾಕ್ಟ್ರನ್ನು ಒಳಗೆ ಕರೆದು ಎರಡೂ ಪ್ಯಾಡ್‌ಗಳನ್ನು ಅವರ ಅಂಗೈ ಮೇಲಿಟ್ಟೆ. "ಹಾಗಾದರೆ ಇಷ್ಟು ದಿನ ಮೀಟರ್ ಯಾವುದನ್ನು ನೋಡುತ್ತಿತ್ತು?" ಎಂದು ಕೇಳಿದರು. ಎಡ ಚಕ್ರದಲ್ಲಿದ್ದ ಸೆನ್ಸರ್ ತಂತಿಯನ್ನು ತೋರಿಸಿದೆ.

ಮುಂದಿನ ಎರಡೂ ಚಕ್ರಗಳಿಗೆ ಪ್ಯಾಡ್ ಮತ್ತು ಬುಶ್, ಎಡ ಚಕ್ರಕ್ಕೆ ಸೆನ್ಸರ್ ಹೊಸದು ಹಾಕಿ, ಬ್ರೇಕ್ ಫ್ಲೂಯಿಡ್ ಬದಲಿಸಿ ಬ್ರೇಕ್ ಪೈಪುಗಳ ಗಾಳಿ ತೆಗೆದು, ಚಕ್ರದ ಬೋಲ್ಟ್‌ಗಳನ್ನು 140 ನ್ಯೂಟನ್ ಮೀಟರ್‌ಗೆ ಬಿಗಿಗೊಳಿಸಿದ ಮೇಲೆ, ಕೈಯಾರೆ ಮುಗಿಸಿದ ಕೆಲಸಗಳ ಲೆಕ್ಕವನ್ನು ಮಾತ್ರ ಒಂದೊಂದಾಗಿ ರೀಸೆಟ್ ಮಾಡಿದೆ. ಹಳೆಯ ಪ್ಯಾಡ್‌ಗಳನ್ನೂ ಹೊಂಗೆ ಹೂವಿನ ಫಿಲ್ಟರನ್ನೂ ದಿನಪತ್ರಿಕೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಕಾರನ್ನು ಕಳಿಸಿಕೊಟ್ಟೆ.